ಹೆಬ್ಬಾಗಿಲ ಕಾವಲು

ಕಚೇರಿಯೊಂದಕ್ಕೆ ಹೊರಗಿನಿಂದ ಬರುವ ಕಾಗದಪತ್ರಗಳಿಗೆ ಹಿಂದಿನಿಂದಲೂ ಒಂದು ಗೊತ್ತಾದ ದಾರಿಯುಂಟು. ಅಂಚೆಯವನು ತಂದ ಟಪಾಲನ್ನು ಒಬ್ಬ ಗುಮಾಸ್ತನು ತೆರೆಯುವನು. ಆವಕ ವಹಿಯಲ್ಲಿ ದಿನಾಂಕವನ್ನೂ ಕ್ರಮಸಂಖ್ಯೆಯನ್ನೂ ಕಳುಹಿಸಿದವರ ಹೆಸರನ್ನೂ ಬರೆದುಕೊಳ್ಳುವನು. ಆ ಬಳಿಕವೇ ಅದು ಸಂಬಂಧಪಟ್ಟವರ ಮೇಜಿಗೆ ಹೋಗುವುದು. ಯಾವ ಕಾಗದವು ಎಲ್ಲಿಂದ ಬಂದಿತು, ಯಾರ ಕೈ ಸೇರಿತು ಎಂಬುದನ್ನು ವರ್ಷಗಳ ನಂತರವೂ ಆ ವಹಿಯನ್ನು ನೋಡಿ ಹೇಳಬಹುದು. ಈ ಏರ್ಪಾಡಿನಲ್ಲಿ ಎರಡು ಅನುಕೂಲಗಳಿವೆ. ಒಳಗೆ ಬರುವ ಬಾಗಿಲು ಒಂದೇ. ಬಂದ ಕಾಗದವು ತಾನಾಗಿ ಏನನ್ನೂ ಮಾಡಲಾರದು. ಕೆಟ್ಟ ಉದ್ದೇಶದಿಂದ ಬರೆದ ಪತ್ರವೇ ಆದರೂ, ಓದಿದವನು ಮೋಸಹೋಗದ ಹೊರತು, ಅದು ಕಪಾಟಿನ ಕಡತಗಳನ್ನು ಮುಟ್ಟಲಾರದು.

ಇಂದು ಕಚೇರಿಯ ಹೆಚ್ಚಿನ ಮೇಜುಗಳ ಮೇಲೆ ಗಣಕಯಂತ್ರವಿದೆ. ಪ್ರತಿಯೊಂದು ಗಣಕಯಂತ್ರದಲ್ಲಿಯೂ ಹೊರಜಗತ್ತಿಗೆ ತೆರೆದುಕೊಂಡ ಒಂದು ಬಾಗಿಲಿದೆ. ಆ ಬಾಗಿಲೇ ಬ್ರೌಸರ್. ನೂರು ಮಂದಿ ದುಡಿಯುವ ಕಚೇರಿಯಲ್ಲಿ ಇಂತಹ ನೂರು ಬಾಗಿಲುಗಳಿರುತ್ತವೆ. ಅವುಗಳ ಮೂಲಕ ಒಳಗೆ ಬರುವುದು ಬರಿಯ ಬರಹವಲ್ಲ. ಬಂದೊಡನೆಯೇ ಕೆಲಸಕ್ಕೆ ತೊಡಗುವ ಆಜ್ಞೆಗಳೂ ಅದರೊಡನೆ ಬರುತ್ತವೆ. ಇಷ್ಟೊಂದು ಬಾಗಿಲುಗಳನ್ನು ಕಾಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಬೇಕಾದರೆ ಬ್ರೌಸರ್ ಎಂದರೇನು, ಅದು ಹೇಗೆ ಬೆಳೆಯಿತು ಎಂಬುದನ್ನು ಮೊದಲು ತಿಳಿಯಬೇಕು.

ಬ್ರೌಸರ್ ಎಂಬುದು ಒಂದು ತಂತ್ರಾಂಶ. ದೂರದ ಗಣಕಯಂತ್ರದಲ್ಲಿರುವ ಪುಟವನ್ನು ಅಂತರಜಾಲದ ಮೂಲಕ ತರಿಸಿಕೊಂಡು, ಅದರಲ್ಲಿರುವ ಸಂಕೇತಗಳನ್ನು ಅರ್ಥಮಾಡಿಕೊಂಡು, ಓದಲು ತಕ್ಕ ರೂಪದಲ್ಲಿ ತೆರೆಯ ಮೇಲೆ ತೋರಿಸುವುದು ಅದರ ಕೆಲಸ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಎಂಬ ಪ್ರಸಿದ್ಧ ಭೌತವಿಜ್ಞಾನ ಸಂಶೋಧನ ಸಂಸ್ಥೆಯಿದೆ. ನಾನಾ ದೇಶಗಳ ವಿಜ್ಞಾನಿಗಳು ಅಲ್ಲಿಗೆ ಬಂದು ಹೋಗುವರು; ಒಬ್ಬೊಬ್ಬರು ಬಳಸುತ್ತಿದ್ದ ಗಣಕಯಂತ್ರವೂ ಒಂದೊಂದು ಬಗೆಯದು. ಒಬ್ಬರು ಬರೆದಿಟ್ಟುದನ್ನು ಇನ್ನೊಬ್ಬರು ಹುಡುಕಿ ಓದುವುದು ಕಷ್ಟವಾಗಿತ್ತು. ಈ ತೊಡಕನ್ನು ನಿವಾರಿಸಲು ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಜ್ಞರು 1989ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು; 1990ರ ಕೊನೆಯ ವೇಳೆಗೆ ಜಗತ್ತಿನ ಮೊದಲ ಬ್ರೌಸರನ್ನು ಸಿದ್ಧಪಡಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ರೂಪುಗೊಂಡಿತು. ಬರಹದ ನಡುವೆಯೇ ಚಿತ್ರಗಳನ್ನು ತೋರಿಸಬಲ್ಲ ಈ ಬ್ರೌಸರ್‌ನಿಂದಾಗಿ ಜಾಲವು ವಿಜ್ಞಾನಿಗಳ ಆವರಣವನ್ನು ದಾಟಿ ಸಾಮಾನ್ಯ ಜನರನ್ನು ತಲುಪಿತು.

ಆ ಮೊದಲ ದಿನಗಳಲ್ಲಿ ಜಾಲದ ಪುಟವು ಕಾಗದದಂತೆಯೇ ಇತ್ತು, ಓದಬಹುದಾಗಿತ್ತು, ಅಷ್ಟೆ. ಎರಡು ಆವಿಷ್ಕಾರಗಳು ಈ ಸ್ಥಿತಿಯನ್ನು ಬದಲಾಯಿಸಿದವು. ಜಾಲತಾಣಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಒಂದು ಪುಟವನ್ನು ಕೇಳಿದವರೇ ಮರುಕ್ಷಣ ಇನ್ನೊಂದನ್ನು ಕೇಳಿದರೂ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬುವರು ಇದಕ್ಕೆ ಪರಿಹಾರವಾಗಿ ಕುಕೀ ಎಂಬ ಸಣ್ಣ ಗುರುತುಚೀಟಿಯನ್ನು ರೂಪಿಸಿದರು. ದೇವಾಲಯದ ಹೊರಗೆ ಪಾದರಕ್ಷೆಗಳನ್ನು ಒಪ್ಪಿಸಿದಾಗ ಒಂದು ಬಿಲ್ಲೆಯನ್ನು ಕೊಡುತ್ತಾರಷ್ಟೆ, ಕುಕೀಯೂ ಅಂತಹದೇ. ಒಮ್ಮೆ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಕ್ಕವರಿಗೆ ತಾಣವು ಒಂದು ಬಿಲ್ಲೆಯನ್ನು ಕೊಡುತ್ತದೆ. ಬ್ರೌಸರ್ ಅದನ್ನು ಜೋಪಾನವಾಗಿ ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಆದರೆ ಬಿಲ್ಲೆ ಯಾರ ಕೈಯಲ್ಲಿದೆಯೋ ಪಾದರಕ್ಷೆ ಅವರಿಗೇ ಸಲ್ಲುವಂತೆ, ಕುಕೀಯನ್ನು ಕದ್ದವನನ್ನೂ ತಾಣವು ನಿಜವಾದ ಒಡೆಯನೆಂದೇ ಭಾವಿಸುವುದು.

ಎರಡನೆಯ ಆವಿಷ್ಕಾರವು ಇದಕ್ಕಿಂತ ದೊಡ್ಡದು. 1995ರಲ್ಲಿ ಅದೇ ಸಂಸ್ಥೆಯ ಬ್ರೆಂಡನ್ ಐಕ್ ಎಂಬುವರು ಹತ್ತು ದಿನಗಳಲ್ಲಿ ಒಂದು ಹೊಸ ಗಣಕಭಾಷೆಯ ಮೊದಲ ರೂಪವನ್ನು ಸಿದ್ಧಗೊಳಿಸಿದರು. ಜಾವಾಸ್ಕ್ರಿಪ್ಟ್ ಎಂದು ಹೆಸರಾದ ಈ ಭಾಷೆಯಲ್ಲಿ ಬರೆದ ಆಜ್ಞೆಗಳು ಪುಟದೊಡನೆ ಬಂದು ಓದುಗನ ಗಣಕಯಂತ್ರದಲ್ಲಿಯೇ ಕೆಲಸ ಮಾಡುತ್ತವೆ. ರೈಲಿನ ಮುಂಗಡ ಟಿಕೆಟು, ಬ್ಯಾಂಕಿನ ವ್ಯವಹಾರ, ತೆರಿಗೆಯ ಪಾವತಿ ಮೊದಲಾದವು ಬ್ರೌಸರ್‌ನಲ್ಲಿಯೇ ಸುಗಮವಾಗಿ ನಡೆಯುವುದು ಇಂತಹ ಆಜ್ಞೆಗಳಿಂದ. ಆದರೆ ಇದರ ಅರ್ಥವನ್ನು ಗಮನಿಸಬೇಕು. ಅಪರಿಚಿತ ಪುಟವೊಂದನ್ನು ತೆರೆಯುವುದೆಂದರೆ ಅಪರಿಚಿತರ ಆಳೊಬ್ಬನನ್ನು ಮನೆಯೊಳಕ್ಕೆ ಕರೆದು ಕೆಲಸ ಮಾಡಗೊಟ್ಟಂತೆ.

ಇಂತಹ ಆಳು ಎಲ್ಲಿ ಬೇಕಾದರಲ್ಲಿ ತಿರುಗಾಡದಂತೆ ತಡೆಯುವ ಒಂದು ಕಟ್ಟಳೆಯೂ ಆ ಕಾಲದಲ್ಲಿಯೇ ಹುಟ್ಟಿತು. ಒಂದು ತಾಣದಿಂದ ಬಂದ ಆಜ್ಞೆಯು ಆ ತಾಣಕ್ಕೆ ಸೇರಿದ ಪುಟಗಳನ್ನೂ ಗುರುತುಚೀಟಿಗಳನ್ನೂ ಮಾತ್ರ ನೋಡಬಹುದು. ಪಕ್ಕದಲ್ಲಿಯೇ ತೆರೆದಿರುವ ಬೇರೊಂದು ತಾಣದ ಪುಟವನ್ನು ಓದಕೂಡದು. ಇದನ್ನು ಏಕಮೂಲ ನಿಯಮವೆಂದು ಕರೆಯಬಹುದು. ಒಂದೆಡೆ ಬ್ಯಾಂಕಿನ ಪುಟವನ್ನೂ ಮತ್ತೊಂದೆಡೆ ಸುದ್ದಿಯ ಪುಟವನ್ನೂ ತೆರೆದಿಟ್ಟವರ ಹಣದ ಲೆಕ್ಕವು ಸುದ್ದಿತಾಣದ ಕಣ್ಣಿಗೆ ಬೀಳದಿರುವುದಕ್ಕೆ ಈ ನಿಯಮವೇ ಕಾರಣ. ಬ್ರೌಸರ್‌ನ ಸುರಕ್ಷತೆಗೆ ಇದೇ ತಳಹದಿ.

ಇನ್ನು ದಾರಿಯ ಸುರಕ್ಷತೆಯ ವಿಷಯ. ಗಣಕಯಂತ್ರದಿಂದ ಹೊರಟ ಮಾಹಿತಿಯು ಅನೇಕ ಸಂಸ್ಥೆಗಳ ತಂತಿಗಳನ್ನೂ ಯಂತ್ರಗಳನ್ನೂ ಹಾದು ತಾಣವನ್ನು ತಲುಪುತ್ತದೆ. ನಡುವೆ ಯಾರಾದರೂ ಅದನ್ನು ಓದಬಹುದು, ತಿದ್ದಲೂಬಹುದು. ಇದನ್ನು ತಡೆಯಲು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುವ ಪದ್ಧತಿಯನ್ನು ನೆಟ್‌ಸ್ಕೇಪ್ 1995ರಲ್ಲಿ ಬಳಕೆಗೆ ತಂದಿತು. ಸುಧಾರಿತ ರೂಪದಲ್ಲಿ ಅದು ಇಂದು ಸರ್ವತ್ರ ರೂಢಿಯಲ್ಲಿದೆ. ಹೀಗೆ ಬಂದ ಪುಟಗಳನ್ನು ಬೀಗದ ಚಿಹ್ನೆಯಿಂದ ಗುರುತಿಸುವುದು ಬಹುಕಾಲ ವಾಡಿಕೆಯಾಗಿತ್ತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಗೂಢಲಿಪಿಯಿಲ್ಲದ ತಾಣಗಳೆಲ್ಲವನ್ನೂ ಸುರಕ್ಷಿತವಲ್ಲವೆಂದು ತೋರಿಸತೊಡಗಿತು.

ಆದರೆ ಬೀಗದ ಅರ್ಥವನ್ನು ತಪ್ಪಾಗಿ ತಿಳಿಯಬಾರದು. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂಬುದಷ್ಟೇ ಅದರ ಭರವಸೆ. ದಾರಿಯ ಕೊನೆಯಲ್ಲಿರುವವನು ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ವಂಚಕನೂ ತನ್ನ ತಾಣಕ್ಕೆ ಬೀಗವನ್ನು ಪಡೆಯಬಹುದು. ಆದುದರಿಂದ ತಾಣದ ವಿಳಾಸವನ್ನು ಓದಲು ಕಲಿಯಬೇಕು. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚೆ ಬರುವ ಹೆಸರಿನ ಕೊನೆಯ ಭಾಗವೇ ತಾಣದ ಒಡೆಯನನ್ನು ಸೂಚಿಸುವುದು. ಅಂಚೆಯ ವಿಳಾಸದಲ್ಲಿ ಊರಿನ ಮುಂದೆ ತಾಲ್ಲೂಕು, ತಾಲ್ಲೂಕಿನ ಮುಂದೆ ಜಿಲ್ಲೆ ಬರುವಂತೆ ಇಲ್ಲಿಯೂ ದೊಡ್ಡದು ಕೊನೆಗೆ ಬರುತ್ತದೆ. ಪ್ರಸಿದ್ಧ ಬ್ಯಾಂಕಿನ ಹೆಸರು ವಿಳಾಸದ ಆರಂಭದಲ್ಲಿದ್ದು ಕೊನೆಯಲ್ಲಿ ಅಪರಿಚಿತ ಹೆಸರಿದ್ದರೆ ಅದು ಬ್ಯಾಂಕಿನ ತಾಣವಲ್ಲ.

ತಾಣವು ತಾನು ಹೇಳಿಕೊಂಡ ಹೆಸರಿನದೇ ಹೌದೆಂದು ಬ್ರೌಸರ್‌ಗೆ ಸಾಕ್ಷಿ ನುಡಿಯುವ ಸಂಸ್ಥೆಗಳೂ ಇವೆ. ಅವು ಕೊಡುವ ಪ್ರಮಾಣಪತ್ರವನ್ನು ನೋಡಿಯೇ ಬ್ರೌಸರ್ ತಾಣವನ್ನು ನಂಬುವುದು. ಸಾಕ್ಷಿಯ ಮನೆಗೇ ಕಳ್ಳ ನುಗ್ಗಿದರೆ ಏನಾಗಬಹುದೆಂಬುದನ್ನು 2011ರಲ್ಲಿ ಜಗತ್ತು ಕಂಡಿತು. ನೆದರ್‌ಲೆಂಡ್ಸ್ ದೇಶದ ಡಿಜಿನೋಟರ್ ಎಂಬ ಸಂಸ್ಥೆಯ ಗಣಕಯಂತ್ರಗಳನ್ನು ಹೊಕ್ಕ ಆಕ್ರಮಣಕಾರರು 500ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಸೃಷ್ಟಿಸಿಕೊಂಡರು. ಅವುಗಳಲ್ಲಿ ಗೂಗಲ್ ತಾಣದ ಹೆಸರಿನದೂ ಒಂದಿತ್ತು. ಇರಾನಿನ ಜನರ ಮಿಂಚಂಚೆಯನ್ನು ಗುಟ್ಟಾಗಿ ಓದಲು ಅದು ಬಳಕೆಯಾಯಿತು. ತನ್ನ ತಾಣಗಳಿಗೆ ಅದೇ ಸಂಸ್ಥೆಯ ಪ್ರಮಾಣಪತ್ರಗಳನ್ನು ನೆಚ್ಚಿದ್ದ ನೆದರ್‌ಲೆಂಡ್ಸ್ ಸರ್ಕಾರವೂ ಇಕ್ಕಟ್ಟಿಗೆ ಸಿಕ್ಕಿತು. ಬ್ರೌಸರ್ ತಯಾರಕರು ಪರಿಷ್ಕೃತ ಆವೃತ್ತಿಗಳನ್ನು ಹೊರಡಿಸಿ, ಆ ಸಂಸ್ಥೆಯನ್ನು ನಂಬಿಕೆಯ ಪಟ್ಟಿಯಿಂದ ತೆಗೆದುಹಾಕಿದರು. ಕೆಲವೇ ವಾರಗಳಲ್ಲಿ ಡಿಜಿನೋಟರ್ ದಿವಾಳಿಯಾಯಿತು. ಇಲ್ಲಿ ಒಂದು ಮಾತು ಸ್ಪಷ್ಟವಾಗುತ್ತದೆ. ಪರಿಷ್ಕರಣವನ್ನು ಅಂದೇ ಪಡೆದ ಗಣಕಯಂತ್ರಗಳು ಅಪಾಯದಿಂದ ಪಾರಾದವು. ಅದನ್ನು ಪಡೆಯದವು ಸುಳ್ಳುಸಾಕ್ಷಿಯನ್ನು ನಂಬುತ್ತಲೇ ಇದ್ದವು.

ಬ್ರೌಸರ್‌ನಲ್ಲಿಯೇ ದೋಷಗಳಿರುವುದೂ ಸಹಜ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಬರೆದ ತಂತ್ರಾಂಶವು ನಿರ್ದೋಷವಾಗಿರಲಾರದು. ದೋಷವಿದ್ದರೂ ಹಾನಿ ಹರಡದಂತೆ ಮಾಡುವುದು ಸಾಧ್ಯವೇ ಎಂದು ತಜ್ಞರು ಯೋಚಿಸಿದರು. ಗೂಗಲ್ ಸಂಸ್ಥೆಯು 2008ರ ಸೆಪ್ಟೆಂಬರಿನಲ್ಲಿ ಹೊರತಂದ ಕ್ರೋಮ್ ಬ್ರೌಸರ್ ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕಿದಂತೆ ನಡೆಸುತ್ತಿತ್ತು. ಒಂದು ಕೋಣೆಯಲ್ಲಿ ಕೇಡು ಸಂಭವಿಸಿದರೂ ಅದು ಗಣಕಯಂತ್ರದ ಕಡತಗಳನ್ನು ನೇರವಾಗಿ ಮುಟ್ಟಲಾಗದು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಹೊಸ ಬಗೆಯ ದೋಷವು ಗಣಕಯಂತ್ರದ ಸಂಸ್ಕಾರಕದಲ್ಲಿಯೇ, ಅಂದರೆ ಲೆಕ್ಕಹಾಕುವ ಮುಖ್ಯ ಭಾಗದಲ್ಲಿಯೇ, ಇರುವುದು ಬಯಲಾಯಿತು. ಆ ಬಳಿಕ ಒಂದೊಂದು ತಾಣಕ್ಕೂ ಪ್ರತ್ಯೇಕ ಕೋಣೆಯೆಂಬ ಏರ್ಪಾಡು ಬಂದಿತು. ಗೋಡೆಗಳು ಹೆಚ್ಚಿದರೂ ದೋಷಗಳು ನಿಲ್ಲಲಿಲ್ಲ. ಆದುದರಿಂದ ಕೆಲವು ವಾರಗಳಿಗೊಮ್ಮೆ, ಅವಸರವಾದಾಗ ಕೆಲವು ದಿನಗಳಲ್ಲಿಯೇ, ಪರಿಷ್ಕೃತ ಆವೃತ್ತಿಗಳು ಬರುತ್ತಿರುತ್ತವೆ. ಭಾರತದಲ್ಲಿ 2004ರಿಂದ ಕಾರ್ಯನಿರತವಾಗಿರುವ ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆಯೂ ಬ್ರೌಸರ್‌ಗಳ ದೋಷಗಳನ್ನು ಕುರಿತು ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ.

ಮನೆಯಲ್ಲಿ ಒಂದು ಬ್ರೌಸರನ್ನು ಪರಿಷ್ಕರಿಸುವುದು ಸುಲಭ. ಕಚೇರಿಯಲ್ಲಿ ಅದು ಅಷ್ಟು ಸುಲಭವಲ್ಲ ಎಂಬುದಕ್ಕೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಎಂಬ ಬ್ರೌಸರ್‌ನ ಇತಿಹಾಸವೇ ಸಾಕ್ಷಿ. ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ಇದನ್ನು ಹೊರತಂದಿತು. ವಿಂಡೋಸ್ ಎಕ್ಸ್‌ಪಿಯೊಡನೆಯೇ ದೊರೆಯುತ್ತಿದ್ದುದರಿಂದ ಇದು ಬಹುಬೇಗ ಜಗತ್ತಿನ ಬಹುಪಾಲು ಗಣಕಯಂತ್ರಗಳನ್ನು ವ್ಯಾಪಿಸಿತು. ಎದುರಾಳಿಗಳಿಲ್ಲದಿದ್ದಾಗ ಬೆಳವಣಿಗೆಯೂ ನಿಂತಿತು. ಮುಂದಿನ ಆವೃತ್ತಿ ಬರಲು 2006ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಈ ಅವಧಿಯಲ್ಲಿ ಅಸಂಖ್ಯಾತ ಕಚೇರಿಗಳು ಹಾಜರಿ, ವೇತನ, ದಾಸ್ತಾನು, ಕಡತಗಳ ಚಲನೆ ಮುಂತಾದ ಕೆಲಸಗಳಿಗೆ ತಮ್ಮ ಒಳಬಳಕೆಯ ಜಾಲಪುಟಗಳನ್ನು ಬರೆಯಿಸಿಕೊಂಡವು. ಅವೆಲ್ಲವೂ ಈ ಒಂದೇ ಬ್ರೌಸರ್‌ನ ವಿಶೇಷ ಸೌಲಭ್ಯಗಳನ್ನೂ ಅದರ ವಕ್ರತೆಗಳನ್ನೂ ನೆಚ್ಚಿಕೊಂಡಿದ್ದವು. ಆಕ್ಟಿವ್‌ಎಕ್ಸ್ ಎಂಬ ತಂತ್ರವು ಪುಟದೊಡನೆ ಬಂದ ತಂತ್ರಾಂಶಕ್ಕೆ ಗಣಕಯಂತ್ರದ ಒಳಭಾಗವನ್ನು ಮುಟ್ಟುವ ಅಧಿಕಾರವನ್ನೇ ಕೊಡುತ್ತಿತ್ತು. ಬ್ರೌಸರನ್ನು ಬದಲಿಸಿದರೆ ಈ ಪುಟಗಳು ಕೆಲಸ ಮಾಡವು. ಪುಟಗಳನ್ನು ಮತ್ತೆ ಬರೆಯಿಸಲು ಹಣವಿಲ್ಲ. ಹೀಗಾಗಿ ಹಳೆಯ ಬಾಗಿಲು ಹಾಗೆಯೇ ಉಳಿಯಿತು.

2010ರ ಜನವರಿ 12ರಂದು ಗೂಗಲ್ ಸಂಸ್ಥೆಯು ಒಂದು ಆಶ್ಚರ್ಯಕರ ಸಂಗತಿಯನ್ನು ಪ್ರಕಟಿಸಿತು. ಹಿಂದಿನ ಡಿಸೆಂಬರಿನಲ್ಲಿ ತನ್ನ ಗಣಕಯಂತ್ರಗಳ ಮೇಲೆ ಅತ್ಯಂತ ಕುಶಲವಾದ ಆಕ್ರಮಣ ನಡೆದಿತ್ತೆಂದೂ, ಇನ್ನೂ 20 ದೊಡ್ಡ ಸಂಸ್ಥೆಗಳಾದರೂ ಅದಕ್ಕೆ ಗುರಿಯಾಗಿದ್ದುವೆಂದೂ ಅದು ತಿಳಿಸಿತು. ಈ ಆಕ್ರಮಣಕ್ಕೆ ಆಪರೇಷನ್ ಅರೋರಾ ಎಂಬ ಹೆಸರು ಬಿದ್ದಿತು. ಆಕ್ರಮಣಕಾರರು ಬಳಸಿಕೊಂಡದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಒಂದು ದೋಷವನ್ನು. ನೆನಪಿನ ಕೋಶದಲ್ಲಿ ಒಂದು ಸ್ಥಳವನ್ನು ಬಿಟ್ಟುಕೊಟ್ಟ ಮೇಲೂ ಬ್ರೌಸರ್ ಅದನ್ನು ತನ್ನದೆಂದೇ ತಿಳಿದು ಬಳಸುತ್ತಿತ್ತು. ತೆರವಾದ ಆ ಸ್ಥಳದಲ್ಲಿ ಆಕ್ರಮಣಕಾರರು ತಮ್ಮ ಆಜ್ಞೆಗಳನ್ನು ತುಂಬಿದರು. ನೌಕರನೊಬ್ಬನು ಒಂದು ಪುಟವನ್ನು ತೆರೆದರೆ ಸಾಕಾಗಿತ್ತು, ಏನನ್ನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಹೊಸ ಆವೃತ್ತಿಗಳಲ್ಲಿಯೂ ದೋಷವಿತ್ತು. ಆದರೆ ಅವುಗಳಲ್ಲಿ ಸೇರಿದ್ದ ರಕ್ಷಣೆಗಳಿಂದಾಗಿ ದಾಳಿ ಕಠಿಣವಾಗಿತ್ತು. ಸುಲಭವಾಗಿ ತುತ್ತಾದುದು ಆರನೆಯ ಆವೃತ್ತಿ. ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಸರ್ಕಾರಿ ಭದ್ರತಾ ಸಂಸ್ಥೆಗಳು, ದೋಷ ಸರಿಯಾಗುವವರೆಗೆ ಬೇರೆ ಬ್ರೌಸರನ್ನು ಬಳಸುವಂತೆ ಜನರಿಗೆ ಸಲಹೆ ನೀಡಿದವು. ಜನವರಿ 21ರಂದು ಮೈಕ್ರೋಸಾಫ್ಟ್ ತುರ್ತು ಪರಿಹಾರವನ್ನು ಹೊರಡಿಸಿತು.

ಇಷ್ಟಾದ ಮೇಲೆ ಕಚೇರಿಗಳು ಹಳೆಯ ಬ್ರೌಸರನ್ನು ಕೂಡಲೇ ಕೈಬಿಟ್ಟವೆಂದು ಯಾರಾದರೂ ಊಹಿಸಬಹುದು. ಹಾಗಾಗಲಿಲ್ಲ. ಸರ್ಕಾರಿ ಕಚೇರಿಗಳು ಅದನ್ನು ತ್ಯಜಿಸಬೇಕೆಂದು ಬ್ರಿಟನ್ನಿನಲ್ಲಿ ಸಾವಿರಾರು ಜನರು ಅರ್ಜಿಗೆ ಸಹಿ ಹಾಕಿದರು. ಬದಲಾವಣೆ ಸುಲಭವಲ್ಲವೆಂದೂ, ಬಳಕೆಯಲ್ಲಿರುವ ಎಲ್ಲ ಜಾಲಪುಟಗಳನ್ನು ಪರೀಕ್ಷಿಸಲು ತಿಂಗಳುಗಳೇ ಬೇಕೆಂದೂ, ಅದರ ವೆಚ್ಚ ತೆರಿಗೆ ಕೊಡುವವರ ಮೇಲೆ ಬೀಳುವುದೆಂದೂ ಸರ್ಕಾರವು ಆ ವರ್ಷದ ಜುಲೈಯಲ್ಲಿ ಉತ್ತರಿಸಿತು. ಈ ಉತ್ತರದಲ್ಲಿ ಸತ್ಯವಿಲ್ಲದಿರಲಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ತನ್ನ ಈ ಹಳೆಯ ಕೃತಿಯನ್ನು ಬಿಟ್ಟುಬಿಡಿರೆಂದು ಪ್ರಚಾರ ಕೈಗೊಂಡಿತು. ತಯಾರಿಸಿದವರೇ ಬೇಡವೆಂದರೂ ಕೊಂಡವರು ಬಿಡಲಾರದ ವಿಚಿತ್ರ ಸ್ಥಿತಿ ಅದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಕೊನೆಯ ಆವೃತ್ತಿಯು 2022ರ ಜೂನ್ 15ರಂದು ನಿವೃತ್ತಿ ಹೊಂದಿತು. ಆದರೂ ಹಳೆಯ ಪುಟಗಳನ್ನು ನಡೆಸುವ ಒಂದು ವ್ಯವಸ್ಥೆಯನ್ನು ಎಡ್ಜ್ ಎಂಬ ಹೊಸ ಬ್ರೌಸರ್‌ನೊಳಗೆ ಉಳಿಸಿಕೊಳ್ಳಬೇಕಾಯಿತು. ಫ್ಲ್ಯಾಶ್ ಎಂಬ ತಂತ್ರವು 2020ರ ಕೊನೆಯಲ್ಲಿ ಮುಕ್ತಾಯವಾದಾಗ, ದಕ್ಷಿಣ ಆಫ್ರಿಕದ ತೆರಿಗೆ ಇಲಾಖೆಯು ತನ್ನ ಹಳೆಯ ನಮೂನೆಗಳನ್ನು ತೆರೆಯಲೆಂದೇ ಒಂದು ಪ್ರತ್ಯೇಕ ಬ್ರೌಸರನ್ನು ಹಂಚಿತು. ಅಂದಿನ ಸೌಕರ್ಯವು ಇಂದಿನ ಸಾಲವಾಗುವುದು ಹೀಗೆ.

ಹಾಗಾದರೆ ಕಚೇರಿಯೊಂದು ತನ್ನ ಬ್ರೌಸರ್‌ಗಳನ್ನು ನಿರ್ವಹಿಸುವ ಬಗೆ ಯಾವುದು? ಮೊದಲನೆಯದಾಗಿ, ಯಾವ ಗಣಕಯಂತ್ರದಲ್ಲಿ ಯಾವ ಬ್ರೌಸರ್, ಯಾವ ಆವೃತ್ತಿ ಇದೆಯೆಂಬ ಪಟ್ಟಿ ಇರಬೇಕು. ಪಟ್ಟಿಯಲ್ಲಿಲ್ಲದ ಬಾಗಿಲನ್ನು ಕಾಯುವವರಿಲ್ಲ. ಎರಡನೆಯದಾಗಿ, ಕಟ್ಟಳೆಗಳನ್ನು ಒಂದೇ ಕಡೆಯಿಂದ ಜಾರಿಗೊಳಿಸಬೇಕು. ನಿರ್ವಾಹಕನು ಒಂದು ಗಣಕಯಂತ್ರದಲ್ಲಿ ಕುಳಿತು ಬರೆದ ನಿಯಮಗಳು ಸಾವಿರ ಗಣಕಯಂತ್ರಗಳನ್ನು ತಲುಪುವ ವ್ಯವಸ್ಥೆಯು ವಿಂಡೋಸ್ 2000ದ ಕಾಲದಿಂದಲೂ ಇದೆ; ಇಂದಿನ ಪ್ರಮುಖ ಬ್ರೌಸರ್‌ಗಳೆಲ್ಲವೂ ಇಂತಹ ನಿಯಮಗಳನ್ನು ಪಾಲಿಸಬಲ್ಲವು. ಮೂರನೆಯದಾಗಿ, ಪರಿಷ್ಕರಣಗಳು ತಡವಿಲ್ಲದೆ ಆಗಬೇಕು. ಮೊದಲು ಕೆಲವೇ ಗಣಕಯಂತ್ರಗಳಲ್ಲಿ ಹೊಸ ಆವೃತ್ತಿಯನ್ನು ಹಾಕಿ, ಕಚೇರಿಯ ಪುಟಗಳು ನೆಟ್ಟಗೆ ನಡೆಯುವುದನ್ನು ನೋಡಿಕೊಂಡು, ಬಳಿಕ ಉಳಿದವುಗಳಿಗೆ ವಿಸ್ತರಿಸುವುದು ಜಾಣತನ. ಪದೇ ಪದೇ ಬದಲಾವಣೆ ಬೇಡವೆನ್ನುವ ಸಂಸ್ಥೆಗಳಿಗಾಗಿ ಫೈರ್‌ಫಾಕ್ಸ್ ಬ್ರೌಸರ್ 2012ರಿಂದ ಒಂದು ಪ್ರತ್ಯೇಕ ಆವೃತ್ತಿಯನ್ನು ಕೊಡುತ್ತಿದೆ. ಅದರಲ್ಲಿ ಹೊಸ ಸೌಲಭ್ಯಗಳು ಸುಮಾರು ವರ್ಷಕ್ಕೊಮ್ಮೆ ಸೇರುತ್ತವೆ. ಸುರಕ್ಷತೆಯ ತಿದ್ದುಪಡಿಗಳು ಮಾತ್ರ ಆಗಾಗ ಬರುತ್ತಿರುತ್ತವೆ.

ನಾಲ್ಕನೆಯ ವಿಷಯವು ವಿಸ್ತರಣೆಗಳನ್ನು ಕುರಿತದ್ದು. ಬ್ರೌಸರ್‌ಗೆ ಹೊಸ ಸೌಲಭ್ಯಗಳನ್ನು ಜೋಡಿಸುವ ಸಣ್ಣ ತಂತ್ರಾಂಶಗಳಿಗೆ ಈ ಹೆಸರು. ಇವುಗಳಲ್ಲಿ ಅನೇಕವು ತೆರೆದ ಪ್ರತಿಯೊಂದು ಪುಟವನ್ನೂ ಓದುವ ಅನುಮತಿಯನ್ನು ಕೇಳುತ್ತವೆ; ಏಕಮೂಲ ನಿಯಮದ ಗೋಡೆಯು ಇವುಗಳಿಗಿಲ್ಲ. ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ವಿಸ್ತರಣೆಯನ್ನು ಲಕ್ಷಾಂತರ ಜನರು ಬಳಸುತ್ತಿದ್ದರು. 2020ರಲ್ಲಿ ಅದನ್ನು ರೂಪಿಸಿದವರು ಬೇರೊಬ್ಬರಿಗೆ ಮಾರಿದರು. ಹೊಸ ಒಡೆಯರು ಅದರೊಳಗೆ ಸಂಶಯಾಸ್ಪದ ಆಜ್ಞೆಗಳನ್ನು ಸೇರಿಸಿದ್ದುದು ಬಯಲಾಗಿ, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಬಳಸುವವರು ಅದೇ ಜನ, ತಂತ್ರಾಂಶದ ಹೆಸರೂ ಅದೇ. ಒಳಗಿನ ಆಳು ಮಾತ್ರ ಬದಲಾಗಿದ್ದನು. ಆದುದರಿಂದಲೇ ಪರೀಕ್ಷಿಸಿ ಒಪ್ಪಿದ ವಿಸ್ತರಣೆಗಳಿಗೆ ಮಾತ್ರ ಅವಕಾಶ ಕೊಡುವ ಕ್ರಮವನ್ನು ಅನೇಕ ಕಚೇರಿಗಳು ಅನುಸರಿಸುತ್ತವೆ.

ಐದನೆಯದಾಗಿ, ದಿನದ ಕೆಲಸಕ್ಕೆ ಬಳಸುವ ಖಾತೆಗೆ ಗಣಕಯಂತ್ರದ ಸರ್ವಾಧಿಕಾರವಿರಬಾರದು. ಬಾಗಿಲನ್ನು ಮುರಿದವನಿಗೂ ಆಗ ಸರ್ವಾಧಿಕಾರ ಸಿಗದು. ತೀರ ಅವಶ್ಯವಾದ ಹಳೆಯ ಪುಟಗಳನ್ನು ನಡೆಸಬೇಕಾದರೆ, ಆ ಪುಟಗಳಿಗೆ ಮಾತ್ರ ಹಳೆಯ ವಿಧಾನವನ್ನು ಮೀಸಲಿಟ್ಟು, ಹೊರಜಗತ್ತಿಗೆ ಹೊಸ ಬ್ರೌಸರನ್ನೇ ಬಳಸಬೇಕು. ಗುಪ್ತಪದಗಳನ್ನು ನೆನಪಿಡುವ ತಂತ್ರಾಂಶವೂ ಉಪಕಾರಿ. ಅದು ತಾನು ಬಲ್ಲ ವಿಳಾಸದಲ್ಲಿ ಮಾತ್ರ ಗುಪ್ತಪದವನ್ನು ತುಂಬುತ್ತದೆ. ಮನುಷ್ಯನ ಕಣ್ಣು ಒಂದಕ್ಷರದ ವ್ಯತ್ಯಾಸಕ್ಕೆ ಮೋಸಹೋದರೂ ಅದು ಮೋಸಹೋಗದು.

ಇಷ್ಟೆಲ್ಲ ಇದ್ದರೂ ಕಟ್ಟಳೆಗಳು ಅತಿಯಾಗಬಾರದು. ಕೆಲಸಕ್ಕೆ ಬೇಕಾದ ತಾಣವನ್ನೂ ಮುಚ್ಚಿಬಿಟ್ಟರೆ ನೌಕರರು ಕಚೇರಿಯ ಕಾಗದಗಳನ್ನು ತಮ್ಮ ಸ್ವಂತ ಫೋನುಗಳಲ್ಲಿ ತೆರೆಯಲಾರಂಭಿಸುವರು; ಕಾವಲುಗಾರನ ಕಣ್ಣಿಗೆ ಬೀಳದ ಹಿಂಬಾಗಿಲೊಂದು ಹುಟ್ಟಿಕೊಳ್ಳುವುದು. ನಿಯಮವನ್ನು ಹೇರುವವರು ಅದರ ಕಾರಣವನ್ನೂ ತಿಳಿಸಬೇಕು. ಸಂದೇಹಾಸ್ಪದ ಪುಟವನ್ನು ತೆರೆದುಬಿಟ್ಟ ನೌಕರನು ಹೆದರಿ ಮುಚ್ಚಿಡದೆ ಕೂಡಲೇ ಹೇಳುವಂತಹ ವಾತಾವರಣವಿರಬೇಕು. ಬೇಗ ತಿಳಿದ ಹಾನಿಯನ್ನು ಬೇಗ ತಡೆಯಬಹುದು.

ಕಚೇರಿಯ ಗಣಕಯಂತ್ರದಲ್ಲಿರುವುದು ಬಹುಮಟ್ಟಿಗೆ ಕಚೇರಿಯವರ ಸ್ವತ್ತಲ್ಲ. ಆಸ್ಪತ್ರೆಯ ಗಣಕಯಂತ್ರದಲ್ಲಿ ರೋಗಿಗಳ ವಿವರಗಳಿವೆ. ಶಾಲೆಯದರಲ್ಲಿ ಮಕ್ಕಳ ಅಂಕಪಟ್ಟಿಗಳಿವೆ. ಬ್ಯಾಂಕಿನದರಲ್ಲಿ ಜನರು ಕಷ್ಟಪಟ್ಟು ಕೂಡಿಟ್ಟ ಹಣದ ಲೆಕ್ಕವಿದೆ. ಅವರಲ್ಲಿ ಹೆಚ್ಚಿನವರು ಆ ಕಚೇರಿಯ ಬ್ರೌಸರನ್ನು ಎಂದೂ ಕಂಡವರಲ್ಲ. ಅದರ ಆವೃತ್ತಿ ಹಳೆಯದೋ ಹೊಸದೋ ಎಂದು ಕೇಳುವ ಅವಕಾಶವೂ ಅವರಿಗಿಲ್ಲ. ಬಾಗಿಲನ್ನು ಅಲಕ್ಷಿಸಿದರೆ ಅದರ ನಷ್ಟವನ್ನು ಹೊರಬೇಕಾದವರು ಅವರೇ. ಆವಕ ವಹಿಯನ್ನು ದಿನವೂ ತಪ್ಪದೆ ಬರೆದಿಟ್ಟ ಗುಮಾಸ್ತನು ಯಾರ ಹೊಗಳಿಕೆಯನ್ನೂ ಪಡೆದವನಲ್ಲ. ಆದರೆ ಅವನ ಎಚ್ಚರದಿಂದಲೇ ಕಚೇರಿಯ ಕಾಗದಗಳು ಸುರಕ್ಷಿತವಾಗಿದ್ದವು. ಇಂದಿನ ಗಣಕಯಂತ್ರದ ಮುಂದೆ ಕುಳಿತವರಿಂದಲೂ ಜನರು ನಿರೀಕ್ಷಿಸುವುದು ಅದೇ ಬಗೆಯ ದಿನನಿತ್ಯದ ಎಚ್ಚರವನ್ನು.